ಹದಿನೆಂಟರ ಹುಡುಗ ನಡೆದ ದಾರಿ

ಮಕ್ಕಳೇ, ನಮ್ಮ ಹೊಳೆಹೊನ್ನೂರಿನ ಭದ್ರೆ ಕೂಡಲಿಗೆ ಹೋಗಿ ತುಂಗೆಯನ್ನು ಸೇರುತ್ತಾಳೆ, ಮುಂದೆ ತುಂಗಭದ್ರೆ ಎನಿಸಿಕೊಳ್ಳುತ್ತಾಳೆ ಎನ್ನುವುದು ನಿಮಗೆ ಗೊತ್ತೇ ಇದೆ. ಹರಿಹರ ದಾಟಿ ಹಾವೇರಿ ಜಿಲ್ಲೆಯ ಗಳಗನಾಥಕ್ಕೆ ಬಂದಾಗ ಅವಳಿಗೆ ಇನ್ನೊಂದು ಹೊಳೆ ಜೊತೆಯಾಗುತ್ತದೆ. ಅದು ವರದಾ. ಅವಳೂ ನಮ್ಮ ಜಿಲ್ಲೆಯ ಮಗಳೇ. ಸಾಗರದ ಬಳಿ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿಕೊಂಡು ಹೋಗುತ್ತಾಳೆ. ಆ ವರದೆಯ ದಡದಲ್ಲಿ ಹೊಸರಿತ್ತಿ ಎಂಬ ಊರಿದೆ. ಏಪ್ರಿಲ್ 1 ಎಂದರೆ ನಿಮಗೆ ಗೆಳೆಯರನ್ನು ಬೇಸ್ತು ಬೀಳಿಸುವ ದಿನ. ಹೊಸರಿತ್ತಿಯವರಿಗೆ ಅದು ಮೈಲಾರ ಮಹಾದೇವಪ್ಪನವರ ದಿನ.

ಮಹಾದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ. ತಂದೆಯ ಹೆಸರು ಮಾರ್ತಾಂಡಪ್ಪ. ಹುಡುಗನಿಗೆ ಸಣ್ಣ ವಯಸ್ಸಿನಲ್ಲೇ ಖಾದಿಯ ಗೀಳು ಹಿಡಿಯಿತು. ಆ ಗೀಳು ಅವನನ್ನು ಗುಜರಾತಿನ ಸಾಬರಮತಿ ಆಶ್ರಮದವರೆಗೂ ಕರೆದೊಯ್ದಿತು.

1930ರ ಮಾರ್ಚ್ 12ರಂದು ಗಾಂಧೀಜಿ ಉಪ್ಪಿನ ಕಾನೂನನ್ನು ಮುರಿಯಲು ದಂಡಿಯತ್ತ ಹೊರಟರು. ಜೊತೆಗೆ ಆರಿಸಿಕೊಂಡದ್ದು 78 ಮಂದಿಯನ್ನು. ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಒಂದೇ. ಅದು ನಮ್ಮ ಮಹಾದೇವಪ್ಪನದು. ಅವನಿಗೆ ಆಗಿನ್ನೂ 18 ವರ್ಷ! ಸುಮಾರು 385 ಕಿಲೋಮೀಟರ್ ದಾರಿ. ಶಿವಮೊಗ್ಗದಿಂದ ಬೆಂಗಳೂರಿಗೆ ನಡೆದು, ಮತ್ತೆ ತುಮಕೂರಿನ ತನಕ ಹಿಂದಕ್ಕೆ ಬಂದಷ್ಟು ದೂರ ಎಂದುಕೊಳ್ಳಿ. ನಡೆದರೆ ಸಾಲದು, ಪ್ರತಿ ದಿನ ಪ್ರಾರ್ಥನೆ ಮಾಡಬೇಕು, ಚರಕದಲ್ಲೋ ತಕಲಿಯಲ್ಲೋ ನೂಲಬೇಕು, ದಿನಚರಿ ಬರೆಯಬೇಕು. ಕಾಲು ಬೊಬ್ಬೆ ಬಂದರೂ ಈ ಮೂರನ್ನು ಬಿಡುವಂತಿರಲಿಲ್ಲ. ಏಪ್ರಿಲ್ 6ರಂದು ಗಾಂಧೀಜಿ ದಂಡಿಯ ಕಡಲ ತೀರದಲ್ಲಿ ಒಂದು ಹಿಡಿ ಉಪ್ಪು ಎತ್ತಿದರು. ಆ ಚಳವಳಿಯಲ್ಲಿ ಮಹಾದೇವಪ್ಪ ಜೈಲನ್ನೂ ಕಂಡರು.

ಅಷ್ಟು ದೊಡ್ಡವರ ಜೊತೆ ನಡೆದು ಹೆಸರು ಮಾಡಿದ ಹುಡುಗ ಆಮೇಲೆ ಏನು ಮಾಡಿದ? ಊರ ಕಡೆಗೆ ಬಂದ. ಹೊಸರಿತ್ತಿಯ ಹತ್ತಿರ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದ. ಹಳ್ಳಿಯ ಹುಡುಗರಿಗೆ ನೂಲುವುದನ್ನು ಕಲಿಸಿದ, ಖಾದಿಯ ಕೆಲಸ ಬೆಳೆಸಿದ. ಅವರ ಹೆಂಡತಿ ಸಿದ್ದಮ್ಮನವರೂ ಚಳವಳಿಗೆ ಇಳಿದು ಜೈಲಿಗೆ ಹೋದವರು. ಮನೆಯ ಯಜಮಾನ ಜೈಲಿನಲ್ಲಿ, ಯಜಮಾನಿಯೂ ಜೈಲಿನಲ್ಲಿ! ಆ ಕಾಲದ ಎಷ್ಟೋ ಮನೆಗಳ ಕತೆ ಇದು.

1942ರ ಆಗಸ್ಟ್ 8ರಂದು 'ಭಾರತ ಬಿಟ್ಟು ತೊಲಗಿ' ಎಂಬ ಕರೆ ಬಂತು. ಬೆಳಗಾಗುವಷ್ಟರಲ್ಲಿ ಗಾಂಧೀಜಿ, ನೆಹರೂ, ಪಟೇಲರು ಎಲ್ಲರೂ ಬಂಧನದಲ್ಲಿದ್ದರು. ಹೀಗೆ ಮಾಡಿ, ಹೀಗೆ ಮಾಡಬೇಡಿ ಎಂದು ಹೇಳುವವರೇ ಹೊರಗಿರಲಿಲ್ಲ. ಹಳ್ಳಿಯ ತರುಣರು ತಮಗೆ ತೋಚಿದ ದಾರಿ ಹಿಡಿದರು. ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿತು. 1943ರ ಮಾರ್ಚ್‌ನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಅತ್ತ ಮಹಾದೇವಪ್ಪ ಮತ್ತು ಗೆಳೆಯರು ಭೂಗತರಾಗಿ, ಸರ್ಕಾರ ನಡೆಯದಂತೆ ಮಾಡುವ ಕೆಲಸಕ್ಕೆ ಇಳಿದಿದ್ದರು. ಈಸೂರಿನವರ ಗಲ್ಲಿನ ಸುದ್ದಿ ಇನ್ನೂ ಹಸಿಯಾಗಿರುವಾಗಲೇ, ಏಪ್ರಿಲ್ 1ರಂದು, ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಅವರ ತಂಡ ನುಗ್ಗಿತು. ಕಾವಲಿನ ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಪ್ರಾಣ ಬಿಟ್ಟರು. ಮಹಾದೇವಪ್ಪನವರಿಗೆ ಆಗ 31 ವರ್ಷ.

ನಿಮ್ಮಲ್ಲಿ ಜಾಣರು ಕೇಳಬಹುದು: 'ಗಾಂಧೀಜಿಯ ಜೊತೆ ನಡೆದವರು ಹೀಗೆ ಮಾಡಬಹುದೇ?' ಕೇಳಲೇಬೇಕಾದ ಪ್ರಶ್ನೆ. ಆ ಕಾಲದ ಹಿರಿಯರೂ ಇದನ್ನು ಕೇಳಿಕೊಂಡಿದ್ದರು. 1944ರಲ್ಲಿ ಬಿಡುಗಡೆಯಾದ ಗಾಂಧೀಜಿ, ಅಡಗಿಕೊಂಡು ಮಾಡುವ ಕೆಲಸ ಸಾಕು, ಬೆಳಕಿಗೆ ಬನ್ನಿ ಎಂದು ಭೂಗತರಿಗೆ ಹೇಳಿದರು. ಆ ಮಾತು ಕೇಳಲು ಮಹಾದೇವಪ್ಪ ಇರಲಿಲ್ಲ. ಇದ್ದಿದ್ದರೆ ಏನು ಉತ್ತರ ಕೊಡುತ್ತಿದ್ದರೋ, ನಾವು ಊಹಿಸುವುದು ಬೇಡ. ಅವರನ್ನು ದೇವರನ್ನಾಗಿ ಮಾಡಿ ಪ್ರಶ್ನೆಯ ಬಾಯಿ ಮುಚ್ಚಿಸುವುದೂ ಬೇಡ. ಹಾಗೆಂದು ಕೊನೆಯ ಆ ಗಳಿಗೆಯೊಂದನ್ನೇ ಹಿಡಿದು ಅವರನ್ನು ಅಳೆಯುವುದೂ ಸರಿಯಲ್ಲ. ಗುಂಡು ಹಾರಿದ್ದು ಕ್ಷಣದ ಮಾತು. ಅದಕ್ಕೆ ಮೊದಲು ಹದಿಮೂರು ವರ್ಷ ಅವರು ನಡೆದಿದ್ದರು, ನೂತಿದ್ದರು, ಕಲಿಸಿದ್ದರು. ನೂಲುವುದನ್ನು ಯಾರೂ ಮೆರವಣಿಗೆ ಮಾಡಿ ತೋರಿಸುವುದಿಲ್ಲ. ಭಾಷಣಗಳಲ್ಲಿ ಗುಂಡಿನ ಸದ್ದು ಕೇಳುತ್ತದೆಯೇ ಹೊರತು ಚರಕದ ಸದ್ದು ಕೇಳುವುದಿಲ್ಲ.

ಇನ್ನೊಂದು ಮಾತು. ರೈಲು, ಅಂಚೆ, ಕಂದಾಯ ಎಲ್ಲವೂ ಪರರ ಸರ್ಕಾರದ್ದು, ಅದು ನಡೆಯಬಾರದು ಎಂದು 1942ರ ತರುಣರು ಹಟ ಹಿಡಿದಿದ್ದರು. ಇಂದು ಹಾವೇರಿಯ ರೈಲು ನಿಲ್ದಾಣಕ್ಕೆ ಮಹಾದೇವಪ್ಪ ಮೈಲಾರ ಅವರದೇ ಹೆಸರು. ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ತಂದಿದೆ. ರೈಲು, ಅಂಚೆ ಈಗ ನಮ್ಮವು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? ಆದ್ದರಿಂದಲೇ ಬಸ್ಸಿನ ಸೀಟು ಹರಿಯುವ, ಶಾಲೆಯ ಗೋಡೆ ಗೀಚುವ ಕೈಗೆ 'ಇದು ನಮ್ಮದೇ ಕಣೋ' ಎಂದು ಹೇಳುವ ಕೆಲಸ ನಿಮ್ಮ ಪಾಲಿಗೆ ಬಂದಿದೆ.

ಹುಬ್ಬಳ್ಳಿಯ ಕಡೆ ರೈಲಿನಲ್ಲಿ ಹೋಗುವಾಗ ಹಾವೇರಿ ಬಂದರೆ ಕಿಟಕಿಯಿಂದ ನಿಲ್ದಾಣದ ಫಲಕ ಓದಿ. ಪಕ್ಕದಲ್ಲಿ ಕೂತ ತಮ್ಮನೋ ತಂಗಿಯೋ 'ಯಾರಿವರು?' ಎಂದು ಕೇಳಿದರೆ ಕತೆ ಹೇಳಿ. ದಂಡಿಯಿಂದ ಶುರು ಮಾಡಿ, ಕೊರಡೂರನ್ನು ಬಿಡಬೇಡಿ. ಫಲಕದಲ್ಲಿ ಇಲ್ಲದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರ ಹೆಸರನ್ನೂ ಸೇರಿಸಿ ಹೇಳಿ.