ವೇದಿಕೆಯಲ್ಲಿ ಕಾಯಕ, ತರಗತಿಯಲ್ಲಿ ನೋಟ್ಸ್

ಬಸವ ಜಯಂತಿಯ ದಿನ ಹರಳಯ್ಯ, ಮಾಚಿದೇವ, ಮೇದಾರ ಕೇತಯ್ಯ, ನುಲಿಯ ಚಂದಯ್ಯರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಮರುದಿನ ನಮ್ಮ ಮನೆಯ ಹುಡುಗ ಐಟಿಐ ಸೇರುತ್ತೇನೆಂದರೆ ಮುಖ ಗಂಟಿಕ್ಕುತ್ತೇವೆ. 'ಯಾಕ, ಮಾರ್ಕ್ಸ್ ಸಾಲಲಿಲ್ಲೇನು?' ಎಂದು ಬೀಗರು ಕೇಳಿದರೆ ತಲೆ ತಗ್ಗಿಸುತ್ತೇವೆ. ಚಪ್ಪಲಿ ಹೊಲಿದವರನ್ನು ಶರಣರೆಂದು ಪೂಜಿಸುವ ನಾವು ವೆಲ್ಡಿಂಗ್ ಕಲಿಯುವವನನ್ನು ಸೋತವನೆಂದು ಕಂಡರೆ, ನಮ್ಮ ಕೊರಳಲ್ಲಿರುವುದು ಲಿಂಗವೋ, ಬರೀ ಕರಡಿಗೆಯೋ?

ಈ ತಾತ್ಸಾರ ಮನೆಯಲ್ಲಿ ಹುಟ್ಟಿ ತರಗತಿಗೂ ನಡೆದು ಬರುತ್ತದೆ. ಅವಳಿನಗರದ ಒಂದು ಸಂಸ್ಥೆಯಲ್ಲಿ ಫಿಟ್ಟರ್ ವಿಭಾಗಕ್ಕೆ ಪಾಠ ಹೇಳಿದವನು ನಾನು. ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ವರ್ನಿಯರ್ ಕ್ಯಾಲಿಪರ್ ಪಾಠವನ್ನು ಎರಡು ದಿನ ಬೋರ್ಡಿನ ಮೇಲೆ ಮಾಡಿದೆ. ಚಿತ್ರ ಬರೆದೆ, ವ್ಯಾಖ್ಯೆ ಬರೆಸಿದೆ. ಕ್ಯಾಲಿಪರ್ ಮಾತ್ರ ಕಪಾಟಿನಲ್ಲಿ ಬೀಗದೊಳಗೆ ಇತ್ತು. ಹಾಳಾದರೆ ನಾನೇ ಲೆಕ್ಕ ಕೊಡಬೇಕಲ್ಲ! ಹಿಂದಿನ ಬೆಂಚಿನ ಹುಡುಗ ನಿದ್ದೆ ಹೋದ. ಬೈದು ಹೊರಗೆ ಕಳಿಸಿದೆ. ಊರಲ್ಲಿ ಅಪ್ಪನ ಪಂಪಸೆಟ್ಟನ್ನು ತಾನೇ ಬಿಚ್ಚಿ ಜೋಡಿಸುವ ಹುಡುಗ ಅವನೆಂದು ತಿಳಿದದ್ದು ಬಹಳ ದಿನಗಳ ನಂತರ. ಅಂದು ನಿಜವಾಗಿ ನಿದ್ದೆಯಲ್ಲಿದ್ದವನು ನಾನು.

'ಈಗಿನ ಹುಡುಗರಿಗೆ ಆಸಕ್ತಿಯಿಲ್ಲ, ಮೊಬೈಲ್ ಬಿಡುವುದಿಲ್ಲ' ಎನ್ನುವ ಸಹೋದ್ಯೋಗಿಗಳಿಗೆ ಒಂದು ಮಾತು. ಕ್ಯಾಲಿಪರನ್ನು ಮೊದಲು ಕೈಗೆ ಕೊಟ್ಟು ನೋಡಿ. ತಮ್ಮದೇ ಸೈಕಲ್ಲಿನ ಬೇರಿಂಗ್ ಅಳೆಯಲಿ. ನಾಲ್ವರಿಗೆ ನಾಲ್ಕು ಅಳತೆ ಬರುತ್ತದೆ, ಜಗಳವಾಗುತ್ತದೆ. ಆ ಜಗಳದ ನಡುವೆ 0.02 ಮಿಲಿಮೀಟರಿನ ಲೆಕ್ಕ ಹೇಳಿ; ಜನ್ಮದಲ್ಲಿ ಮರೆಯುವುದಿಲ್ಲ. ಮೊದಲು ಕೈ, ಆಮೇಲೆ ಹೆಸರು, ಕೊನೆಗೆ ಸೂತ್ರ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿ ಹುಡುಗರನ್ನು ದೂರುತ್ತಿದ್ದೇವೆ.

'ಸಿಲೆಬಸ್ ಮುಗಿಯಬೇಕಲ್ಲ' ಎನ್ನುವಿರಾ? ನಾವು ಮುಗಿಸುವುದು ಪುಟಗಳನ್ನು, ಕಲಿಕೆಯನ್ನಲ್ಲ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿತು. ಯಂತ್ರ ಬಂದರೆ ಸಾಲದು. ಯಂತ್ರಕ್ಕೆ ಹೊದಿಸಿದ ಪ್ಲಾಸ್ಟಿಕ್ ತೆಗೆಯುವ ಧೈರ್ಯ ಗುರುವಿಗೆ ಬೇಕು, ತೆಗೆದವನನ್ನು ಬೈಯದ ಆಡಳಿತ ಮಂಡಳಿಯೂ ಬೇಕು.

ಅನುಭವ ಮಂಟಪವನ್ನು ಸ್ವಲ್ಪ ನೆನೆಯಿರಿ. ಅಲ್ಲಿ ಯಾರೂ ಯಾರಿಗೂ ನೋಟ್ಸ್ ಬರೆಸಲಿಲ್ಲ. ಅಂಬಿಗ ತನ್ನ ದೋಣಿಯಿಂದ, ಮಡಿವಾಳ ತನ್ನ ಬಟ್ಟೆಯಿಂದ ಮಾತು ತೆಗೆದ. ಪ್ರಶ್ನೆ ಕೇಳುವುದೇ ಅಲ್ಲಿ ಪಾಠವಾಗಿತ್ತು. ಮಾರಯ್ಯ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಕಳಿಸಿದ ಕಥೆ ನಮಗೆಲ್ಲ ಗೊತ್ತು. ತಿದ್ದಿದವಳು ಜೊತೆಗಿದ್ದವಳು, ತಿದ್ದಿಸಿಕೊಂಡವನಿಗೆ ಅವಮಾನವಾಗಲಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿಯೂ ಹುಡುಗ ಹುಡುಗನನ್ನು ತಿದ್ದಲಿ. ಲೇತ್, ಗೇಜ್ ಎಂಬ ಹೆಸರು ಹಾಗೇ ಇರಲಿ. 'ಯಾಕೆ' ಎಂಬುದರ ಉತ್ತರ ಅವರ ಕನ್ನಡದಲ್ಲಿಯೇ ಬರಲಿ. ಧಾರವಾಡದ ಹುಡುಗ ಇಂಗ್ಲಿಷಿನಲ್ಲಿ ಬಾಯಿ ಕಟ್ಟಿ ಕುಳಿತರೆ ಅದು ಅವನ ದಡ್ಡತನವಲ್ಲ.

ಪಾಠಕ್ಕೆ ಸಾಮಗ್ರಿ ಹುಡುಕಿ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. ಉದ್ದ ಅಗಲ 3:2 ಇರಲೇಬೇಕು, ಚಕ್ರದ 24 ಕಡ್ಡಿ ಎರಡೂ ಮಗ್ಗುಲಲ್ಲಿ ಹೊಂದಲೇಬೇಕು, ನೂಲಿನ ಎಣಿಕೆ ತಪ್ಪುವಂತಿಲ್ಲ. ನಿಖರತೆ ಎಂದರೇನೆಂದು ಅರ್ಧ ದಿನ ಅಲ್ಲಿ ನಿಂತು ನೋಡಿದವನಿಗೆ ಹತ್ತು ಪುಟದ ನೋಟ್ಸ್ ಬೇಡ. ರೈಲ್ವೆ ವರ್ಕ್‌ಶಾಪ್, ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳೂ ನಮ್ಮ ಬಾಗಿಲಲ್ಲೇ ಇವೆ.

ಕೊನೆಯ ಮಾತು ಮಠಗಳಿಗೆ, ಸಂಸ್ಥೆಗಳ ಹಿರಿಯರಿಗೆ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಬಡ ಮಕ್ಕಳಿಗೆ ಅನ್ನ, ಆಶ್ರಯ ಕೊಟ್ಟು ಓದಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಸಪ್ತರ್ಷಿಗಳು ಕೆಎಲ್ಇ ಕಟ್ಟಿದರು. 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿವಿಬಿ ಕಾಲೇಜು ಎದ್ದಿತು. ಅವರು ಬಾಗಿಲು ತೆರೆದರು. ಒಳಗೆ ಬಂದ ಮಗುವಿನ ಕೈಗೆ ಕೆಲಸ ಕೊಡುವುದು ನಮ್ಮ ಪಾಲಿಗೆ ಉಳಿದಿದೆ. ನಾನು ಬೇಡುವುದು ಮೂರೇ. ಮಠದ ದಾಸೋಹದ ಗ್ರೈಂಡರ್, ಬೋರವೆಲ್ ಮೋಟಾರ್ ಕೆಟ್ಟರೆ ಗುರುವಿನೊಡನೆ ನಮ್ಮ ಐಟಿಐ ಮಕ್ಕಳನ್ನೇ ಕರೆಯಿರಿ. ಶ್ರಾವಣದ ಪ್ರವಚನದಲ್ಲಿ ಒಂದು ಸಂಜೆ ಅವರು ತಮ್ಮ ಕಾಯಕ ವಿವರಿಸಲಿ. ಸ್ವಾಮೀಜಿಯವರು ಕೇಳಲಿ, ಪ್ರಶ್ನಿಸಲಿ. ರ‍್ಯಾಂಕ್ ಬಂದವರಿಗೆ ಹೊದಿಸುವ ಶಾಲನ್ನು ಒಳ್ಳೆಯ ಫಿಟ್ಟರನಿಗೂ ಹೊದಿಸಿ.

ಇಷ್ಟೂ ಆಗದಿದ್ದರೆ ಮುಂದಿನ ಜಯಂತಿಯಲ್ಲಿ ಹರಳಯ್ಯನ ಹೆಸರು ಎತ್ತುವ ಮುನ್ನ ಒಂದು ಕ್ಷಣ ನಿಲ್ಲೋಣ. ಅವನು ನಮ್ಮ ಕಾಲೇಜಿಗೆ ಬಂದಿದ್ದರೆ ಎಲ್ಲಿ ಕೂಡಿಸುತ್ತಿದ್ದೆವು? ಹಿಂದಿನ ಬೆಂಚಿನಲ್ಲಿಯೇ ಅಲ್ಲವೇ?