ಹತ್ತು ವರ್ಷದ ಮಗುವಿಗೂ ಅಂಕಪಟ್ಟಿ ಕೊಡಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ತಂದೆತಾಯಂದಿರಲ್ಲಿ, ಶಾಲೆಯ ಮೇಷ್ಟ್ರು–ಟೀಚರುಗಳಲ್ಲಿ ಒಂದು ಮನವಿ. ಓದಿದ ಮೇಲೆ ಪಕ್ಕದ ಮನೆಗೆ ಕೊಡಿ, ತೋಟದ ಲೈನ್ ಮನೆಗಳಲ್ಲಿ ಓದಲು ಬಾರದವರಿಗೆ ಓದಿ ಹೇಳಿ.

ನವೋದಯ ಶಾಲೆಯ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ವಾರ ನಮ್ಮ ಊರುಗಳಲ್ಲಿ ಎರಡು ಬಗೆಯ ಓಡಾಟ ಶುರುವಾಗುತ್ತದೆ. ಸೀಟು ಸಿಕ್ಕವರು ದಾಖಲೆ ಹೊಂದಿಸಲು ತಾಲ್ಲೂಕು ಕಚೇರಿಗೆ ಓಡುತ್ತಾರೆ. ಸಿಗದವರಲ್ಲಿ ಕೆಲವರು ಎಮ್ಮೆಲ್ಲೆ ಮನೆ ಬಾಗಿಲಿಗೆ, ಪಕ್ಷದ ಮುಖಂಡರ ಹತ್ತಿರ, ಕೊನೆಗೆ 'ಮೇಲಿನವರು ನನಗೆ ಗೊತ್ತು' ಅನ್ನುವ ದಲ್ಲಾಳಿಯ ಹತ್ತಿರ ಹೋಗುತ್ತಾರೆ. ಈ ಎರಡನೆಯ ಓಡಾಟ ನಿಲ್ಲಬೇಕು. ಶಿಫಾರಸಿನಿಂದ ಈ ಶಾಲೆಗೆ ಸೀಟು ಬರುವುದಿಲ್ಲ, ಬರಲೂಬಾರದು. ಹಾಗೆಂದು ಬಾಯಿ ಮುಚ್ಚಿ ಕೂರಿ ಎಂದು ನಾವು ಹೇಳುತ್ತಿಲ್ಲ. ಸೀಟು ಕೇಳಬೇಡಿ, ಲೆಕ್ಕ ಕೇಳಿ.

ನಮ್ಮ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಬಾಳೆಹೊನ್ನೂರು ಬಳಿಯ ಸೀಗೋಡಿನಲ್ಲಿದೆ. ಹಳ್ಳಿಯ ಜಾಣ ಮಕ್ಕಳಿಗೆ ದುಡ್ಡಿನ ಹಂಗಿಲ್ಲದೆ ಒಳ್ಳೆಯ ಶಾಲೆ ಸಿಗಲಿ ಎಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿ ದೇಶಕ್ಕೆ ಕೊಟ್ಟ ಶಾಲೆಗಳಿವು. ಆರನೇ ತರಗತಿಗೆ ಸಾಮಾನ್ಯವಾಗಿ 80 ಸೀಟು. ಕಡಿಮೆಯೆಂದರೆ ನೂರಕ್ಕೆ 75 ಹಳ್ಳಿ ಮಕ್ಕಳಿಗೆ, ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅರ್ಧ ಅಂಕ ಬುದ್ಧಿಶಕ್ತಿಯ ಪ್ರಶ್ನೆಗಳಿಗೆ, ಉಳಿದದ್ದು ಗಣಿತಕ್ಕೂ ಭಾಷೆಗೂ. ಉತ್ತರ ಗುರುತಿಸುವುದು ಒಎಂಆರ್ ಹಾಳೆಯಲ್ಲಿ. ಕಳೆದ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಬಂದಿದೆ. ಅಂದರೆ ಕಾಫಿ ಕುಯ್ಲಿನ ನಡುವೆ. ಅಪ್ಪ ಅಮ್ಮ ಇಬ್ಬರೂ ಬೆಳಗಾಗುವಷ್ಟರಲ್ಲಿ ತೋಟಕ್ಕೆ ಹೋಗುವ ಮನೆಯ ಮಗುವನ್ನು ಪರೀಕ್ಷೆಗೆ ಕೂರಿಸುವವರು ಯಾರು? ಎಷ್ಟೋ ಕಡೆ ಶಾಲೆಯ ಮೇಷ್ಟ್ರೇ ತಮ್ಮ ಕೈಯಿಂದ ಬಸ್ ಚಾರ್ಜು ಹಾಕಿ ಕರೆದೊಯ್ಯುತ್ತಾರೆ. ಅದಕ್ಕೆ ಯಾವ ದಾಖಲೆಯೂ ಇರುವುದಿಲ್ಲ.

ಈಗ ನಮ್ಮ ತಕರಾರಿಗೆ ಬರೋಣ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದರೆ ಏನು ಮಾಡುತ್ತೀರಿ? ಉತ್ತರ ಪತ್ರಿಕೆಯ ನಕಲು ತರಿಸುತ್ತೀರಿ, ಮರು ಎಣಿಕೆಗೆ, ಮರುಮೌಲ್ಯಮಾಪನಕ್ಕೆ ಹಾಕುತ್ತೀರಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳೇ ಇವೆ. ಹದಿನಾರರ ಹುಡುಗನಿಗೆ ಇಷ್ಟು ಬಾಗಿಲು. ನವೋದಯದಲ್ಲಿ ಹತ್ತು–ಹನ್ನೊಂದರ ಮಗುವಿಗೆ ಒಂದೇ ಅವಕಾಶ, ಆರನೇ ತರಗತಿಯ ಪರೀಕ್ಷೆಯನ್ನು ಎರಡನೇ ಸಲ ಬರೆಯುವಂತಿಲ್ಲ. ಫಲಿತಾಂಶವನ್ನು ಕಂಪ್ಯೂಟರ್ ತಯಾರಿಸುತ್ತದೆ, ಆದ್ದರಿಂದ ಮರು ಎಣಿಕೆಯೂ ಇಲ್ಲ ಎನ್ನುತ್ತದೆ ನಿಯಮ. ಎಂಟು ಸಲ ಅವಕಾಶ ಇದ್ದವರಿಗೆ ಮರು ಎಣಿಕೆ ಇಲ್ಲ ಅಂದರೆ ಸಹಿಸಬಹುದಿತ್ತು. ಒಂದೇ ಸಲ ಬರೆಯುವವರಿಗೆ ಇಲ್ಲ ಅನ್ನುವುದು ಯಾವ ನ್ಯಾಯ?

'ಲಕ್ಷಗಟ್ಟಲೆ ಮಕ್ಕಳು ಬರೆಯುತ್ತಾರೆ, ಎಲ್ಲರಿಗೂ ಅಂಕ ತಿಳಿಸಲು ಆಗುತ್ತದೆಯೇ' ಎಂದು ಕೇಳುವವರಿದ್ದಾರೆ. ಅಂಕವನ್ನು ಲೆಕ್ಕ ಹಾಕಿದ್ದೇ ಯಂತ್ರ. ಅಂಕ ಈಗಾಗಲೇ ಕಂಪ್ಯೂಟರಿನಲ್ಲಿದೆ. ಪ್ರತಿ ಮಗುವಿನ ರೋಲ್ ನಂಬರಿನ ಮುಂದೆ ಮೂರು ವಿಭಾಗದ ಅಂಕ, ಅದರ ಮೀಸಲು ವರ್ಗದಲ್ಲಿ ಕೊನೆಯದಾಗಿ ಆಯ್ಕೆಯಾದ ಮಗುವಿನ ಅಂಕ, ಒಎಂಆರ್ ಹಾಳೆಯ ಚಿತ್ರ, ಇಷ್ಟನ್ನು ತೆರೆದಿಟ್ಟರೆ ಸಾಕು. ಇಲ್ಲದಿದ್ದರೆ ಅಂಕದ ಗುಟ್ಟಿನ ಮೇಲೆ ದಲ್ಲಾಳಿಯ ವ್ಯಾಪಾರ ನಡೆಯುತ್ತಲೇ ಇರುತ್ತದೆ. 81ನೆಯ ಮಗು ಒಂದೇ ಪ್ರಶ್ನೆಯಿಂದ ಸೀಟು ಕಳೆದುಕೊಂಡಿತು ಎಂದು ಗೊತ್ತಾದರೆ 'ನಿನ್ನ ಕೈಲಿ ಆಗಲ್ಲ ಬಿಡು' ಎಂದು ಯಾವ ಅಪ್ಪನೂ ಹೇಳಲಾರ.

ಅಂಕಕ್ಕಿಂತ ಹೆಚ್ಚು ಅನ್ಯಾಯ ಆಗುವುದು ಹಳ್ಳಿ–ಪಟ್ಟಣದ ವಿಂಗಡಣೆಯಲ್ಲಿ. ಹಳ್ಳಿ ಮೀಸಲಿಗೆ ಮಗು 3, 4, 5ನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಪಟ್ಟಣದ ಮಗು ಎಂದೇ ಲೆಕ್ಕ. ಮೂಡಿಗೆರೆ ಪಟ್ಟಣ ಪಂಚಾಯಿತಿಯ ಊರು. ತೋಟದ ಹತ್ತಿರದ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಮುಚ್ಚಿತೆಂದೋ, ಅಜ್ಜಿ ಮನೆಯಲ್ಲಿ ಊಟಕ್ಕೆ ಅನುಕೂಲವೆಂದೋ ಒಂದು ವರ್ಷ ಮೂಡಿಗೆರೆಯಲ್ಲಿ ಓದಿದ ಕೂಲಿಕಾರರ ಮಗಳು ಚಿಕ್ಕಮಗಳೂರಿನ ಕೋಚಿಂಗ್ ಸೆಂಟರಿನ ಮಕ್ಕಳ ಜೊತೆ ಸ್ಪರ್ಧಿಸಬೇಕು. ನಿಯಮ ಬರೆದವರ ಉದ್ದೇಶ ಒಳ್ಳೆಯದಿರಬಹುದು, ಪೇಟೆಯವರು ಹಳ್ಳಿಯ ಸೀಟು ಕಸಿಯದಿರಲಿ ಎಂದು. ಲೈನ್ ಮನೆಯ ಬದುಕು ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಈ 'ಒಂದು ದಿನ'ದ ಷರತ್ತು ಹೋಗಬೇಕು. ಮಗು ಎಲ್ಲಿ ವಾಸವಾಗಿದೆ, ಹೆತ್ತವರು ಎಲ್ಲಿ ದುಡಿಯುತ್ತಾರೆ ಎಂಬುದನ್ನೂ ನೋಡಬೇಕು.

ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವ ಹುಡುಗ ಅವಸರದಲ್ಲಿ ಒತ್ತಿದ ಒಂದು ಗುಂಡಿಯಿಂದಲೂ ಮಗುವಿನ ವರ್ಗ ಬದಲಾಗಬಹುದು. ಆದ್ದರಿಂದ ಅರ್ಜಿಯ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ಆಯ್ಕೆಯಾದ ಮೇಲೆ ದಾಖಲೆಯ ನೆಪದಲ್ಲಿ ಸೀಟು ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎನ್ನಿ. ಬಾಯಿಮಾತಿನ 'ಇಲ್ಲ'ಕ್ಕೆ ಮೇಲ್ಮನವಿ ಹಾಕಲಾಗದು. ವಿದ್ಯಾಲಯದ ಆಡಳಿತ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅವರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೋರ್ಟಿನ ಮಾತು ಬಂದರೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಕ್ಕಳಿಗೆ ವಕೀಲರ ನೆರವು ಉಚಿತ.

ಅಂಕ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಪರೀಕ್ಷೆ ಬರೆದವರಿಗೆ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕನ್ನಡದಲ್ಲೇ ಬರೆಯಿರಿ, ಕಾಯ್ದೆ ಅದಕ್ಕೆ ಒಪ್ಪುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಕೊಡುವುದಿಲ್ಲ ಎಂದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ. ತಡ ಮಾಡಬೇಡಿ, ಉತ್ತರ ಹಾಳೆಗಳನ್ನು ಬಹುಕಾಲ ಇಡುವುದಿಲ್ಲ. ಒಬ್ಬರ ಅರ್ಜಿಯನ್ನು ಬದಿಗಿಡಬಹುದು. ಬಣಕಲ್, ಗೋಣಿಬೀಡು, ಸಂಸೆ, ಬಾಳೂರಿನಿಂದ ಒಂದೇ ವಾರ ಅರ್ಜಿಗಳು ಹೋದರೆ ಕಚೇರಿಗೇ ಅಂಕ ಪ್ರಕಟಿಸುವುದು ಸುಲಭ ಅನ್ನಿಸುತ್ತದೆ.

ಮಗುವನ್ನು ಮಾತ್ರ ಈ ಓಡಾಟಕ್ಕೆ ಎಳೆಯಬೇಡಿ. ಅರ್ಜಿ ನಿಮ್ಮದು, ಓದು ಅದರದು. ಈ ಸಲ ಸೀಟು ಸಿಗದಿದ್ದರೂ ದಾರಿ ಮುಗಿಯಲಿಲ್ಲ. ಎಂಟರಲ್ಲಿ ಓದುವಾಗ ಒಂಬತ್ತನೇ ತರಗತಿಯ ಖಾಲಿ ಸೀಟುಗಳಿಗೆ ಇನ್ನೊಂದು ಪರೀಕ್ಷೆ ಇರುತ್ತದೆ; ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಉಂಟು.

ಅರ್ಜಿಯಲ್ಲಿ ಹೀಗೆ ಬರೆಯಿರಿ:

'ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ನವೋದಯ ವಿದ್ಯಾಲಯ ಸಮಿತಿ, ಪ್ರಾದೇಶಿಕ ಕಚೇರಿ, ಹೈದರಾಬಾದ್, ಇವರಿಗೆ. ನನ್ನ ಮಗ/ಮಗಳು (ಹೆಸರು, ರೋಲ್ ನಂಬರ್) ಚಿಕ್ಕಮಗಳೂರು ಜಿಲ್ಲೆಯಿಂದ ಆರನೇ ತರಗತಿಯ ಆಯ್ಕೆ ಪರೀಕ್ಷೆ ಬರೆದಿದ್ದಾನೆ/ಳೆ. ಮಗುವಿನ ಒಎಂಆರ್ ಹಾಳೆಯ ನಕಲು, ವಿಭಾಗವಾರು ಅಂಕಗಳು, ಮಗುವನ್ನು ಪರಿಗಣಿಸಿದ ವರ್ಗ (ಗ್ರಾಮೀಣ/ನಗರ, ಮೀಸಲಾತಿ), ಆ ವರ್ಗದಲ್ಲಿ ಕೊನೆಯದಾಗಿ ಆಯ್ಕೆಯಾದ ಅಭ್ಯರ್ಥಿಯ ಅಂಕ, ಇವುಗಳನ್ನು ಒದಗಿಸಬೇಕಾಗಿ ಕೋರುತ್ತೇನೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ.'

— ಮೂಡಿಗೆರೆ, ಕಳಸ ಭಾಗದ ಕೆಲವು ಪೋಷಕರು ಮತ್ತು ಶಿಕ್ಷಕರು