ವಿಮಾನ ಎತ್ತುವ ಜಾಕ್ ಹುಬ್ಬಳ್ಳಿಯಲ್ಲೇ ಯಾಕಾಗಬಾರದು?

ವಿಮಾನ ರಿಪೇರಿ ಅಂದ ಕೂಡಲೇ ಎಲ್ಲರೂ ಹ್ಯಾಂಗರ್, ಎಂಜಿನ್ ಬಗ್ಗೆ ಮಾತಾಡ್ತಾರೆ. ನನ್ನ ಕಣ್ಣು ಜಾಕ್ ಮೇಲೆ. ಚಕ್ರಗಳು ಸರಿಯಾಗಿ ಮಡಚಿಕೊಳ್ಳುತ್ತವಾ ಅಂತ ಪರೀಕ್ಷಿಸಲು ವಿಮಾನವನ್ನು ನೆಲದಿಂದ ಎತ್ತಲೇಬೇಕು. ಏರ್‌ಬಸ್ ಎ320 ಖಾಲಿ ಇದ್ದರೂ 40 ಟನ್‌ಗಿಂತ ಭಾರ. ಅದನ್ನು ಮೂರು ಹೈಡ್ರಾಲಿಕ್ ಜಾಕ್‌ಗಳು ಎತ್ತುತ್ತವೆ: ರೆಕ್ಕೆಗಳ ಕೆಳಗೆ ಎರಡು, ಮೂತಿಯ ಕಡೆ ಒಂದು. ಎಣ್ಣೆ ಸೋರಿದರೂ ವಿಮಾನ ಕುಸಿಯದಂತೆ ಲಾಕ್ ನಟ್ ತಡೆಯುತ್ತೆ.

ಇದು ಪಾಸ್ಕಲ್ ನಿಯಮ, ಎಂಜಿನಿಯರಿಂಗ್‌ನಲ್ಲಿ ನಾವೆಲ್ಲ ಓದಿದ್ದೇ. ವಿದ್ಯಾನಗರದಲ್ಲಿ 1947ರಲ್ಲಿ ಶುರುವಾದ ಬಿವಿಬಿ ಕಾಲೇಜಿದೆ. ಗೋಕುಲ ರಸ್ತೆಯಲ್ಲಿ ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ ಎರಡೂ ಇವೆ. ಬೆಳಗಾವಿಯಲ್ಲಿ ಫೌಂಡ್ರಿಗಳಿವೆ, ಹೈಡ್ರಾಲಿಕ್ ವಾಲ್ವ್ ಮಾಡುವ ಕಾರ್ಖಾನೆಗಳಿವೆ.

2024ರ ಜುಲೈನಿಂದ ಕೇಂದ್ರ ಸರ್ಕಾರ ವಿಮಾನದ ಬಿಡಿಭಾಗ, ರಿಪೇರಿ ಸಲಕರಣೆಗಳ ಆಮದಿಗೆ, ಷರತ್ತುಗಳೊಂದಿಗೆ, ಏಕರೂಪ ಶೇ 5 ಐಜಿಎಸ್‌ಟಿ ನಿಗದಿ ಮಾಡಿದೆ. ರಿಪೇರಿ ಮಾಡೋರಿಗೆ ಅನುಕೂಲವೇ. ಆದರೆ ಆಮದು ಸುಲಭವಾದ ಮಾತ್ರಕ್ಕೆ ಇಲ್ಲಿ ತಯಾರಿಕೆ ಶುರುವಾಗಲ್ಲ. ಕೋಟಿಗಟ್ಟಲೆ ಬೆಲೆಯ ವಿಮಾನವನ್ನು ಹೊಸಬರ ಜಾಕ್ ಮೇಲೆ ಯಾರು ನಿಲ್ಲಿಸ್ತಾರೆ? ಈ ನಂಬಿಕೆ ಬರಬೇಕಾದರೆ ಲೋಡ್ ಟೆಸ್ಟ್ ಮಾಡಿ ಪ್ರಮಾಣಪತ್ರ ಕೊಡುವ ಕೇಂದ್ರ ಈ ಭಾಗದಲ್ಲೇ ಬೇಕು. ಎಚ್‌ಎಎಲ್‌ನಂಥ ಸರ್ಕಾರಿ ಸಂಸ್ಥೆ ಮೊದಲ ಆರ್ಡರ್ ಕೊಡಬೇಕು. ಇಲ್ಲದಿದ್ದರೆ ವಿದ್ಯಾನಗರದಲ್ಲಿ ಕಲಿತ ಹುಡುಗ ಹುಡುಗಿಯರು ಬೆಂಗಳೂರು, ಪುಣೆ ಬಸ್ ಹತ್ತೋದು ತಪ್ಪಲ್ಲ.